ಗುಳಿಗಿ ಹಿಡಿದ ಸೀಟು

ಬರ್ರಿ, ಕಾಲು ಚಾಚಿ ಆರಾಮ ಕುಂದರ್ರಿ, ಹೇಳತೀನಿ. ನನಗ ಬಿ.ಪಿ. ಬಂದಾಗಿಂದ ಖಾನಾಪುರದ ನಮ್ಮ ಮನ್ಯಾಗ ಇಂಥಾವು ನಡೀತಾನ ಇರತಾವ.

ಟವೆಲ್

ಮೊಮ್ಮಗಳು ಹಡದಿದ್ದಳು. ನನ್ನ ಕಣ್ಣಿಗೆ ಪೊರೆ ಬಂದು, ಕೂಸಿನ ಮಾರಿ ಬರೇ ಮಸುಕು. ಬಿ.ಪಿ. ಇಳಿಯೂತನಕ ಆಪರೇಷನ್ ಇಲ್ಲ ಅಂದ್ರು ಕಣ್ಣಿನ ಡಾಕ್ಟರು. ಬೆಳಗಾವಿ ಡಾಕ್ಟರಬಾಯಿ ತಿಳಿಸಿ ಹೇಳಿದಳು: "ಅಜ್ಜಿ, ರಕ್ತನಾಳಕ್ಕ ಸಣ್ಣ ಸಣ್ಣ ಕೀಲಿ ಇರತಾವ. ಮೈಯಾಗಿನ ಹಾರ್ಮೋನು ಬಂದು ಕೀಲಿಕೈ ಹಂಗ ತಿರುವಿದ್ರ ನಾಳ ಬಿಗೀತದ, ಬಿ.ಪಿ. ಏರತದ. ಈ ಗುಳಿಗಿ ಮೊದಲ ಹೋಗಿ ಆ ಕೀಲಿ ತೂತಿನ್ಯಾಗ ಕುಂದರತದ, ಹಾರ್ಮೋನಿಗೆ ಜಾಗಾ ಸಿಗಂಗಿಲ್ಲ."

"ಅಂದ್ರ ಬಸ್ಸಿನ ಕಿಡಕ್ಯಾಗಿಂದ ಟವೆಲ್ ಒಗದು ಸೀಟು ಹಿಡದಂಗ!" ಅಂದೆ.

"ಇಷ್ಟ ತಿಳಕೊಳ್ಳಾಕ ನನಗ ಐದು ವರ್ಷ ಹಿಡೀತು ನೋಡ್ರಿ," ಅಂದಳು.

ಉಪ್ಪಿನಕಾಯಿ

ಉಪ್ಪು ಕಡಿಮಿ ಮಾಡ್ರಿ ಅಂದಿದ್ದಕ್ಕ ಸೊಸಿ ಉಪ್ಪಿನಕಾಯಿ ಬರಣಿ ಕಪಾಟಿನ್ಯಾಗಿಟ್ಟು, ಕೀಲಿಕೈ ಬಾಜು ಮನಿ ಬೀಬಿ ಕೈಯಾಗ ಕೊಟ್ಟಳು. ನಾ ಹೋಗಿ ಗೋಗರೆದೆ.

"ಕೊಟ್ಟ ಮಾತು ತಪ್ಪಂಗಿಲ್ಲ ಅಕ್ಕಾ," ಅಂದು, ಬೀಬಿ ತನ್ನ ಬರಣಿ ಮುಂದಿಟ್ಟಳು. "ಇದಕ್ಕ ಕೀಲಿ ಎಲ್ಲೈತಿ?"

ಪ್ರಸಾದ

ತಿಂಗಳು ಬಿಟ್ಟು ಡಾಕ್ಟರಬಾಯಿ ಕಡೆ ಹೋದ್ರ ಬಿ.ಪಿ. ಇದ್ದಲ್ಲೇ ಐತಿ.

"ಗುಳಿಗಿ ತಪ್ಪಿಸಿರೇನು?"

"ಒಂದು ದಿನಾನೂ ಇಲ್ಲವ್ವಾ."

ಅಷ್ಟರಾಗ ಬಾಜೂಕ ಕುಂತಿದ್ದ ನಮ್ಮ ಯಜಮಾನರು ಎದ್ದು ನಿಂತವರು, ತಲಿ ತಿರುಗಿ ದಪ್ಪಂತ ಕುಂತರು. ನೋಡಿದ್ರ ಅವರ ಬಿ.ಪಿ. ತಳಕ್ಕ ಹೋಗಿತ್ತು!

"ಅಜ್ಜಾರ, ಇವರ ಗುಳಿಗಿ ತಗೊಂಡಿರೇನು?"

"ನನಗ್ಯಾಕ ಗುಳಿಗಿ? ದಿನಾ ಪೂಜಿ ಆದ ಮ್ಯಾಲ ಇಕಿ ಕೊಡೋ ಪ್ರಸಾದ ಅಷ್ಟ ತಗೋತೀನಿ."

ನಾನು ಬಾಯಿಗೆ ಏನ ಹಾಕೊಂಡ್ರೂ ಮೊದಲ ಲಿಂಗಕ್ಕ ಅರ್ಪಿಸಾಕಿ. ಅರ್ಪಿಸಿದ ಮ್ಯಾಲ ಅದು ಪ್ರಸಾದ. ಪ್ರಸಾದ ಒಬ್ಬಾಕಿನ ಹೆಂಗ ತಿನ್ನಲಿ? ದಿನಾ ಗುಳಿಗಿ ಮುರದು ಅರ್ಧಾ ಅವರ ಅಂಗೈಯಾಗ ಇಡತಿದ್ದೆ.

ಡಾಕ್ಟರಬಾಯಿ ತಲಿ ಹಿಡಕೊಂಡಳು. "ಅಜ್ಜಿ, ಟವೆಲ್ ಹರದು ಹಂಚಿದ್ರ ಸೀಟು ಯಾರಿಗೆ ಸಿಗತದ?"

ಈಗ ಗುಳಿಗಿ ಪೂರಾ ನನಗ, ಕಲ್ಲುಸಕ್ಕರಿ ಪ್ರಸಾದ ಅವರಿಗೆ. ಅವರ ತಲಿ ತಿರುಗೂದು ನಿಂತೈತಿ. ಡಾಕ್ಟರಬಾಯಿ ಬಂದ ಬಂದವರಿಗೆಲ್ಲಾ ಟವೆಲ್ ಕಥಿ ಹೇಳತಾಳಂತ. ಬೀಬಿ ಬರಣಿಗೂ ಸೊಸಿ ಕೀಲಿ ಜಡಿಸ್ಯಾಳ. ನನ್ನ ಬಿ.ಪಿ. ಇಳೀತು, ಆಪರೇಷನ್ ಆತು. ಪಟ್ಟಿ ಬಿಚ್ಚಿದ ಮರುದಿನ ಕೂಸಿನ ಮಾರಿ ಕಣ್ತುಂಬ ನೋಡಿದೆ. ಥೇಟ್ ನಮ್ಮ ಯಜಮಾನರ ದೊಡ್ಡ ಮೂಗು!

ಅವರು ಮೀಸಿ ತಿರುವಿ ಅಂದ್ರು: "ನೋಡು, ನಾ ನಿನ್ನಂಗ ಅರ್ಧಾ ಮುರದು ಕೊಡಾಂವ ಅಲ್ಲ."