ಗಾಡಿಯನ್ನು ಎತ್ತರಿಸಿದೆ, ದನಿಯನ್ನೂ

ದೇವರು ಕೊಟ್ಟ ಅಂಗಗಳಲ್ಲಿ ನನ್ನ ಮಟ್ಟಿಗೆ ಅತಿ ಹೆಚ್ಚು ದುಡಿದಿರುವುದು ಕಿವಿ. ಕಣ್ಣಿಗೆ ಕನ್ನಡಕ ಬಂದಿದೆ, ಮೊಣಕಾಲು ಮೆಟ್ಟಿಲು ಕಂಡರೆ ಗೊಣಗುತ್ತದೆ, ಹೊಟ್ಟೆ ನನ್ನನ್ನು ಕೇಳದೆಯೇ ಮುಂದೆ ನಡೆದಿದೆ. ಕಿವಿ ಮಾತ್ರ ಕಟ್ಟಿದ ನಾಯಿಯ ಹಾಗೆ ಸದಾ ನಿಮಿರಿಕೊಂಡು ಕೂತಿರುತ್ತದೆ. ಗ್ಯಾಸ್ ಸಿಲಿಂಡರ್ ‘ಸುಸ್’ ಎಂದಂತಾಗುತ್ತದೆ, ಎದ್ದು ಹೋಗಿ ಮೂಸಿ ಬರುತ್ತೇನೆ. ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುತ್ತೇನೆ. ನಾಲ್ಕಾದರೂ ಒಲೆ ಆರಿಸದಿದ್ದರೆ ಕಸಿವಿಸಿ. ಬೇಳೆ ಅವರದು, ಚಿಂತೆ ನನ್ನದು. “ನಿಮಗ ಆಚಿ ಮನಿ ಕುಕ್ಕರ್ ಕೇಳಸ್ತದ, ಈ ಮನ್ಯಾಗ ನಾ ಕರದದ್ದು ಕೇಳಸಂಗಿಲ್ಲ” ಎಂದು ನನ್ನ ಹೆಂಡತಿ ಶಾಂತಾ ಆಗಾಗ ಹೇಳುತ್ತಾಳಂತೆ. ನಾನು ಕೇಳಿಸಿಕೊಂಡಿಲ್ಲ.

ಇಂಥ ಕಿವಿಯುಳ್ಳವನು ಹಳೆಯ ಪಿಕಪ್ ಗಾಡಿ ಕೊಳ್ಳಬಾರದಿತ್ತು. ಆದರೆ ನಾನು ಶಹಾಪುರದಲ್ಲಿ ದನದ ಡಾಕ್ಟರ್. ದನಗಳು ಆಸ್ಪತ್ರೆಗೆ ನಡೆದು ಬರುತ್ತವೆ; ಕುರಿ ಹಟ್ಟಿಗಳಿಗೆ ನಾನೇ ಹೋಗಬೇಕು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲು, ಮಳೆ ಬಿದ್ದರೆ ಹಿಟ್ಟಿನ ಮುದ್ದೆ. ಬೈಕಿನ ಚಕ್ರಕ್ಕೆ ಅದು ಮೆತ್ತಿಕೊಂಡರೆ ಬೈಕನ್ನು ನಾವು ಹೊತ್ತು ತರಬೇಕು. ಹಾಗಾಗಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಹಳೆಯ ಪಿಕಪ್ ಒಂದನ್ನು ಕೊಂಡೆ. ಅದೂ ಸಾಲಲಿಲ್ಲ. ಟ್ರ್ಯಾಕ್ಟರುಗಳು ಕೊರೆದ ಗಾಲಿ ಹಾದಿಯ ನಡುವಿನ ದಿಬ್ಬಕ್ಕೆ ಅದರ ಹೊಟ್ಟೆ ಉಜ್ಜತೊಡಗಿತು. ಪ್ರತಿ ಉಜ್ಜಿಗೂ ನನ್ನ ಹೊಟ್ಟೆಯೇ ಉಜ್ಜಿದಂತಾಗಿ ಖಾಜಾನ ಗ್ಯಾರೇಜಿಗೆ ಹೋದೆ.

ಖಾಜಾ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಓದಿದ್ದು ನಾನು, ಕೂತಿದ್ದು ಅವನು. ಈಗ ಊರಿಗೆಲ್ಲ ಅವನು ಉಸ್ತಾದ್. ಅವನ ಹೆಸರು ನಿಂತಿದ್ದು ಕೈಯಿಂದಲ್ಲ, ಕಿವಿಯಿಂದ. ಗಾಡಿ ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ, ತಟ್ಟೆಯಲ್ಲಿ ಚಹಾ ಹೀರುತ್ತ, “ಮೂರನೇ ಇಂಜೆಕ್ಟರ್ ಹೋಗ್ಯಾದ, ಹೊರಗ ನಿಂದ್ರಸು ಅನ್ನು” ಎನ್ನುತ್ತಿದ್ದ. ಆ ದಿನ ಅವನು ನನ್ನ ಗಾಡಿಯನ್ನು ಒಮ್ಮೆ ಸುತ್ತು ಹಾಕಿ, “ಲೇ ಡಾಕ್ಟರಾ, ಮೂರು ಇಂಚು ಎತ್ತಿಬಿಡ್ತೀನಿ. ಕುದುರಿ ಆಗ್ತದ ನೋಡು, ಕುದುರಿ” ಎಂದ. ಮುಂದಿನ ಸ್ಪ್ರಿಂಗುಗಳ ಮೇಲೆ ದಪ್ಪನೆಯ ಬಿಲ್ಲೆ ಕೂಡಿಸಿ, ಹಿಂದೆಯೂ ಅಷ್ಟೇ ಎತ್ತಿ, ನಿಜವಾಗಿಯೂ ಕುದುರೆಯನ್ನೇ ಮಾಡಿದ. ಶಾಂತಾ ಹತ್ತಲು ಸ್ಟೂಲು ಬೇಕಾಯಿತು. ಅವಳು ಹತ್ತಿದ ಮೇಲೆ ಸ್ಟೂಲನ್ನು ಹಿಂದೆ ಇಡುವವನು ನಾನು, ಮರೆಯುವವನೂ ನಾನೇ. ಮೊದಲನೆಯ ಸ್ಟೂಲು ಈಗ ಯಾದಗಿರಿಯಲ್ಲಿ ಒಬ್ಬ ಹಣ್ಣಿನವನ ಬಳಿ ಇದೆ. ಅವನು ಅದರ ಮೇಲೆ ಕೂತದ್ದನ್ನು ನಾನೇ ಕಂಡಿದ್ದೇನೆ, ಕೇಳುವ ಧೈರ್ಯವಾಗಲಿಲ್ಲ.

ಎತ್ತರಿಸಿದ ವಾರದಲ್ಲೇ ಸದ್ದು ಶುರುವಾಯಿತು. ಗಾಡಿ ಡಾಂಬರು ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದೊಡನೆ ಮುಂದಿನಿಂದ, ತಾಯಿ ಬಿಟ್ಟುಹೋದ ನಾಯಿಮರಿಯ ಹಾಗೆ, ಸಣ್ಣಗೆ ‘ಕುಂಯ್ಯ್...’ ಎಂಬ ಅಳು. ನಿಧಾನಿಸಿದರೆ ಸುಮ್ಮನಾಗುತ್ತಿತ್ತು, ಮತ್ತೆ ಓಡಿಸಿದರೆ ಮತ್ತೆ ಅಳು. ನಾನು ಕಿಟಕಿ ತೆಗೆದು ಕೇಳಿದೆ, ಮುಚ್ಚಿ ಕೇಳಿದೆ, ತಲೆ ಹೊರಗೆ ಹಾಕಿ ಕೇಳಿ ಲಾರಿಯವನಿಂದ ಬೈಸಿಕೊಂಡೆ. ಅಳು ಬರುತ್ತಿದ್ದದ್ದು ಮುಂದಿನ ಡಿಫರೆನ್ಶಿಯಲ್ಲಿನಿಂದ. ಈ ಡಬ್ಬಿಯ ಕೆಲಸ ಇಷ್ಟೇ: ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ, ಇಬ್ಬರಿಗೂ ಬೇಕಾದಷ್ಟು ಬಿಟ್ಟುಕೊಟ್ಟು ನಡುವೆ ಕೂತಿರುವುದು. ಇಬ್ಬರು ಸೊಸೆಯರ ನಡುವಿನ ಅತ್ತೆಯಂತೆ. ಅಂಥವರು ಒಮ್ಮೊಮ್ಮೆ ನರಳುವುದು ಸಹಜವೇ. ಆದರೆ ನನ್ನದು ತೆಗೆದದ್ದು ಒಮ್ಮೊಮ್ಮೆ ನರಳುವ ರಾಗವಲ್ಲ.

“ಸದ್ದೇನು? ಎಲ್ಲಿ ಸದ್ದಲೇ?” ಎಂದ ಖಾಜಾ. “ನಿನ್ನ ತಲ್ಯಾಗ ಬರಾಕತ್ತದ. ಹಿಂದ ಏನ್ ಅಂದಿದ್ದಿ? ಗೇರ್ ಬಾಕ್ಸಿನಾಗ ಇಲಿ ಅದ ಅಂದಿದ್ದಿ. ಇತ್ತೇನು?”

ಇರಲಿಲ್ಲ. ಅದು ನನ್ನ ಚೀಲದಲ್ಲಿ ಉರುಳಾಡುತ್ತಿದ್ದ ಔಷಧದ ಬಾಟಲಿ. ಚಿಂತೆಗಾರನ ಕಷ್ಟವೇ ಇದು: ಹಿಂದಿನ ಸುಳ್ಳು ಚಿಂತೆಗಳೆಲ್ಲ ಸಾಲಾಗಿ ನಿಂತು ಇಂದಿನ ನಿಜದ ಚಿಂತೆಯ ವಿರುದ್ಧ ಸಾಕ್ಷಿ ಹೇಳುತ್ತವೆ. ಆದರೂ ಬಿಡದೆ, ಗಾಡಿಯ ಮುಂಭಾಗವನ್ನು ಜಾಕಿನ ಮೇಲೆ ಎತ್ತಿಸಿ, ಅವನಿಗೆ ಚಕ್ರ ತಿರುಗಿಸಲು ಹೇಳಿ, ನನ್ನ ಸ್ಟೆತಾಸ್ಕೋಪ್ ತೆಗೆದುಕೊಂಡು ಕೆಳಗೆ ತೂರಿದೆ. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ನಿಂತು, “ಎಷ್ಟು ತಿಂಗಳದ್ದರೀ ಡಾಕ್ಟ್ರ?” ಎಂದು ಕೇಳಿದ. ಗ್ಯಾರೇಜೆಲ್ಲ ನಕ್ಕಿತು. ನನಗೆ ಮಾತ್ರ ಒಳಗೆ ಗರಗರ ಕೇಳಿಸುತ್ತಿತ್ತು. ನಿಮೋನಿಯಾ ಹಿಡಿದ ಟಗರಿನ ಎದೆಯೂ ಅಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. “ನೀನೇ ಕೇಳು” ಎಂದು ನಳಿಗೆಯನ್ನು ಖಾಜಾನಿಗೆ ಕೊಟ್ಟೆ. ಅವನು ಕಿವಿಗೆ ಹಾಕಿಕೊಂಡು, ಒಂದು ಗಳಿಗೆ ನೆಲ ನೋಡಿ, ಕಿತ್ತು ಕೊಟ್ಟ. “ಇದು ಎಮ್ಮಿಗೆ ಸರಿ. ಗಾಡಿಗಲ್ಲ.”

ಆಮೇಲೊಂದು ದಿನ ರಾಮಸಮುದ್ರದ ಕಡೆ ಆಡುಗಳನ್ನು ನೋಡಲು ಹೋಗಿದ್ದೆ. ಕೆಸರು ದಾಟಲು ನಾಲ್ಕೂ ಚಕ್ರದ ಬಲ ಹಾಕಿದವನು, ತೆಗೆಯುವುದನ್ನು ಮರೆತು ಹಾಗೆಯೇ ಡಾಂಬರಿಗೆ ಹತ್ತಿದೆ. ಅಳು ಮಾಯ! ತೆಗೆದೆ; ಕುಂಯ್ಯ್. ಹಾಕಿದೆ, ಸದ್ದಿಲ್ಲ. ಕೆಲಸವಿಲ್ಲದೆ ಸುಮ್ಮನೆ ತಿರುಗುವಾಗ ಅಳುತ್ತಿತ್ತು, ಹೊರೆ ಹೇರಿದರೆ ತೆಪ್ಪಗಾಗುತ್ತಿತ್ತು. ನಮ್ಮ ಕಚೇರಿಯ ಗುಮಾಸ್ತನದು ಇದಕ್ಕೆ ತದ್ವಿರುದ್ಧ ಸ್ವಭಾವ. ಕೆಲವು ದಿನ ಊರೊಳಗೂ ಹಾಗೆಯೇ ಓಡಿಸಿದೆ. ಒಣ ರಸ್ತೆಯ ತಿರುವುಗಳಲ್ಲಿ ಗಾಡಿ ಮೊಂಡ ಎತ್ತಿನಂತೆ ಬಿಗಿಹಿಡಿಯುತ್ತಿತ್ತು, ಟೈರು ಸವೆಯುತ್ತಿತ್ತು. ಒಂದು ಚಿಂತೆ ಮುಚ್ಚಲು ಇನ್ನೊಂದು ಚಿಂತೆಯನ್ನು ಹೊದಿಸಿದ್ದಷ್ಟೇ ಬಂತು.

ಈ ಸಾಕ್ಷಿ ತೋರಿಸಲೆಂದು ಖಾಜಾನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಸುರಪುರದ ರಸ್ತೆ ಹಿಡಿದೆ. ವೇಗ ಬಂತು, ಅಳು ಬಂತು. “ಹೂಂ, ಈಗ?” ಎಂದೆ. ಅವನು ಹೊರಗಿನ ಭತ್ತದ ಗದ್ದೆಗಳನ್ನು ನೋಡುತ್ತ, “ಏನಿಲ್ಲಲೇ. ಸಕ್ಕರಿಯಂಗ ಓಡಾಕತ್ತದ ಗಾಡಿ” ಎಂದ. ಅಷ್ಟರಲ್ಲಿ ಅವನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಕಿವಿ ಸೀಳುವಂಥ ಗಂಟೆ. ಖಾಜಾ ಗದ್ದೆ ನೋಡುತ್ತಲೇ ಇದ್ದ. ಗಂಟೆ ಪೂರ್ತಿ ಹೊಡೆದು ನಿಂತಿತು. ಮತ್ತೆ ಹೊಡೆಯಿತು. ಅವನ ಎದೆಯ ಮೇಲೇ ಕೂತು ಹೊಡೆಯುತ್ತಿದ್ದುದು ಅವನಿಗೆ ತಿಳಿದದ್ದು, ಅದು ನಡುಗಿ ಜೇಬು ಅಲುಗಿದಾಗ. ತೆಗೆದು ನೋಡಿ, “ಮನ್ಯಾಗಿಂದು, ಆಮ್ಯಾಲ ಮಾಡ್ತೀನಿ” ಎಂದು ಒಳಗಿಟ್ಟ. ನಾನು ಗಾಡಿ ತಿರುಗಿಸಿದೆ.

ಸುತ್ತಿಗೆಯ ಬಡಿತ, ಸೈಲೆನ್ಸರ್ ಬಿಚ್ಚಿದ ಡೀಸೆಲ್ ಎಂಜಿನ್ನುಗಳು. ಒಂದು ಆಯುಷ್ಯವಿಡೀ ಅವುಗಳ ಪಕ್ಕದಲ್ಲೇ ನಿಂತವನ ಕಿವಿಯಲ್ಲಿ ಸಣ್ಣ, ಕೀರಲು ಸದ್ದುಗಳು ಒಂದೊಂದಾಗಿ ಎದ್ದು ಹೋಗಿದ್ದವು. ಹಕ್ಕಿ, ಫೋನು, ಬೇರಿಂಗು. ಇದು ಊರಿಗೆ ಗೊತ್ತಾದರೆ? ‘ಉಸ್ತಾದಗ ಕೇಳಸಂಗಿಲ್ಲಂತ’ ಎಂಬ ಒಂದು ಮಾತು ಸ್ಪೇರ್ ಪಾರ್ಟ್ಸ್ ಅಂಗಡಿ ತಲುಪಿದರೆ ಸಂಜೆಯೊಳಗೆ ಗ್ಯಾರೇಜು ಖಾಲಿ. ನಾನಂತೂ ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದೆ. ಖಾಜಾನಿಗೂ ಹೇಳುವುದಿಲ್ಲ ಎಂದು ಕೂಡ. ಹೇಗೆ ಹೇಳುವುದು? ಎತ್ತಿನ ಮಾಲೀಕನಿಗೆ ‘ಇದು ಇನ್ನು ಹೂಡಲು ಬಾರದು’ ಎಂದು ಎಷ್ಟೋ ಸಲ ಹೇಳಿದ್ದೇನೆ. ಆಗ ಎತ್ತಿನ ಮುಖ ನೋಡುವುದಿಲ್ಲ. ಇಲ್ಲಿ ಮಾಲೀಕನೂ ಅವನೇ, ಎತ್ತೂ ಅವನೇ. ಈ ನನ್ನ ಹೇಡಿತನಕ್ಕೆ ನಾನು ದಾಕ್ಷಿಣ್ಯ ಎಂದು ಹೆಸರಿಟ್ಟೆ. ಅವನ ಹತ್ತಿರ ಮಾತ್ರ, ನನಗೇ ತಿಳಿಯದಂತೆ, ಸ್ವಲ್ಪ ಜೋರಾಗಿ ಮಾತಾಡತೊಡಗಿದ್ದೆ.

ಕೊನೆಗೆ, ಸುರಪುರದಲ್ಲಿ ಕುರಿಗಳಿಗೆ ಲಸಿಕೆ ಎಂದು ಹೆಂಡತಿಗೂ ಖಾಜಾನಿಗೂ ಒಂದೇ ಸುಳ್ಳು ಹೇಳಿ ಹೊರಟೆ. ಹಾದಿಯುದ್ದಕ್ಕೂ ಎದುರು ಬಂದ ಪ್ರತಿ ಪರಿಚಯದ ಗಾಡಿಗೂ ಮುಖ ತಗ್ಗಿಸಿದೆ. ಇಟ್ಟುಕೊಂಡವಳ ಮನೆಗೆ ಹೋಗುವವರು ಇದಕ್ಕಿಂತ ನಿರಾಳವಾಗಿ ಹೋಗುತ್ತಾರೇನೋ. ಅಲ್ಲಿ ಭೀಮಣ್ಣ ಎಂಬ ಮೇಸ್ತ್ರಿಯ ಗ್ಯಾರೇಜು. ಮೇಸ್ತ್ರಿಗಳಲ್ಲೊಂದು ಸಂಪ್ರದಾಯವಿದೆ: ಹೊಸ ಗಾಡಿ ಬಂದೊಡನೆ, ಪೂಜೆಗೆ ಮುಂಚೆ ಗಣಪತಿಯನ್ನು ನೆನೆಯುವಂತೆ, ಹಿಂದಿನ ಮೇಸ್ತ್ರಿಯನ್ನು ಬೈಯುವುದು. ಭೀಮಣ್ಣ ಬಗ್ಗಿ ನೋಡಿ, “ಯಾವ ಕತ್ತಿ ಎತ್ತ್ಯಾದ್ರಿ ಇದನ್ನ?” ಎಂದ.

‘ಆ ಕತ್ತೆ ನನ್ನ ಗೆಳೆಯ’ ಎನ್ನಬಹುದಿತ್ತು. ‘ಬಾಯಿ ಬಿಗಿಹಿಡಿದು ಕೆಲಸ ಮಾಡಪ್ಪ’ ಎನ್ನಬಹುದಿತ್ತು. ನಾನು ನಕ್ಕೆ. ಅವನ ಜೊತೆ ಸೇರಿ, ಹೆಗಲು ಕುಣಿಸಿ, ಚೆನ್ನಾಗಿಯೇ ನಕ್ಕೆ.

“ನೋಡ್ರಿ ಡಾಕ್ಟ್ರ, ಗಾಡಿ ಮ್ಯಾಲ ಏರೇದ, ಅದರ ಸಂಗಾಟ ಈ ಡಬ್ಬಿನೂ ಏರೇದ. ಚಕ್ರ ಏನ್ ಏರ್ತಾವೇನ್ರಿ? ಅವು ನೆಲದ ಮ್ಯಾಲೇ ಇರಬೇಕಲ್ಲ. ನಡುವಿನ ಎಕ್ಸೆಲ್ ವಾರಿ ಆಗಿ, ಸೊಟ್ಟ ನಿಂತು ಜಗ್ಗಾಕತ್ತದ, ಪಾಪ, ಬೇರಿಂಗ್ ತಿಂದ್ಕೊಂಡದ” ಎಂದು ಭೀಮಣ್ಣ ಬಿಚ್ಚಿ ತೋರಿಸಿದ. ಸೂಜಿಯಂಥ ಸಣ್ಣ ಉರುಳೆಗಳ ಬೇರಿಂಗು, ಒಂದೇ ಮಗ್ಗುಲಿಗೆ ಸವೆದು ಹೊಳೆಯುತ್ತಿತ್ತು. ಅದರ ಜಾಗಕ್ಕೆ ಲೇತಿನಲ್ಲಿ ಕಡೆದ ಹಿತ್ತಾಳೆಯ ಬುಷ್, ಬಳೆಯಂಥದ್ದು, ಕೂಡಿಸಿದ. ಡಬ್ಬಿಯನ್ನು ಬಿಲ್ಲೆ ಕೊಟ್ಟು ಸ್ವಲ್ಪ ಕೆಳಗಿಳಿಸಿ, ಎಣ್ಣೆ ಸೋರದಂತೆ ಸಂದಿಗೆಲ್ಲ ಕೆಂಪು ಪೇಸ್ಟ್ ಬಳಿದು ಮುಚ್ಚಿದ. ಶಹಾಪುರದವರೆಗೂ ನಾಯಿಮರಿ ಒಂದು ಸಲವೂ ಅಳಲಿಲ್ಲ. ನಾನು ಹಾಡಿಕೊಂಡು ಬಂದೆ. ನನ್ನ ಕಿವಿಗೇ ಅದು ಹಿಡಿಸದೆ ನಿಲ್ಲಿಸಿದೆ.

ಎಂಜಿನ್ ಆಯಿಲ್ ಬದಲಿಸುವ ಹೊತ್ತಿಗೆ ಎಲ್ಲಿಗೆ ಹೋಗಬೇಕು? ಖಾಜಾನ ಬಳಿಗೇ ಹೋದೆ. ಅವನು ಗುಂಡಿಗೆ ಇಳಿದ. ಕೆಳಗೆ ಟಾರ್ಚು ಆಚೀಚೆ ಆಡಿ, ಮುಂದಿನ ಡಬ್ಬಿಯ ಹತ್ತಿರ ಬಂದು ನಿಂತುಬಿಟ್ಟಿತು. ಬಹಳ ಹೊತ್ತು ಅಲ್ಲೇ ಇತ್ತು. ಮೇಲೆ ಬಂದವನು ಕೈ ಒರೆಸಿಕೊಂಡ. ಅವನ ಬೆರಳಿನ ತುದಿಯಲ್ಲಿ ಕೆಂಪು ಪೇಸ್ಟಿನ ಒಂದು ಚೂರು ಇತ್ತು. ಖಾಜಾ ಜೀವಮಾನದಲ್ಲಿ ಕರಿಯದನ್ನು ಬಿಟ್ಟು ಬೇರೆ ಪೇಸ್ಟ್ ಮುಟ್ಟಿದವನಲ್ಲ.

“ಭೀಮ್ಯಾ ಚೊಲೊ ಮಾಡ್ಯಾನ” ಎಂದ. “ಕೆಂಪು ಅವನೇ ಹಚ್ಚತಾನ. ನನ್ನ ಕೈಯಾಗ ಕಲ್ತಾವ.”

“ಅದು ಏನಾಯ್ತಂದ್ರ ಖಾಜಾ, ಲಸಿಕಿ ಹಾಕಾಕ ಹೋದಾಗ, ದಾರ್ಯಾಗ, ಒಮ್ಮೆಲೇ...” ಎಂದು ಶುರುಮಾಡಿದೆ. ಗ್ಯಾರೇಜಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಖಾಜಾ ಕೈಯೆತ್ತಿದ. “ಅಷ್ಟು ಜೋರಾಗಿ ಒದರಬ್ಯಾಡ್ರಿ, ಸಾಹೇಬ್ರ. ಕೇಳಸ್ತದ.”

ಬೆಂಚಿನ ಮೇಲೆ ಕೂತ ದಿನದಿಂದ ನನ್ನನ್ನು ‘ಲೇ’ ಎಂದವನು ಅವನು. ಮದುವೆಯ ಚಪ್ಪರದಲ್ಲಿ, ಮೇಲಧಿಕಾರಿಗಳ ಮುಂದೆ, ನನ್ನ ತಂದೆ ತೀರಿದ ದಿನ ಹೆಗಲು ಕೊಟ್ಟಾಗ ಸಹ ‘ಲೇ’ ಬಿಟ್ಟವನಲ್ಲ. ಆ ದಿನ ಸಾಹೇಬನಾದೆ. ನನ್ನ ದನಿ ಏರಿದ್ದನ್ನು ಅವನು ಮೊದಲ ದಿನವೇ ಗಮನಿಸಿದ್ದಿರಬೇಕು. ಯಾಕೆ ಏರಿತೆಂಬುದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ನಾನಾಗಿ ಒಂದು ಮಾತು ಹೇಳಲಿ ಎಂದು ಕಾದಿದ್ದ. ನಾನು ಸುರಪುರಕ್ಕೆ ಹೋಗಿ ನಕ್ಕು ಬಂದಿದ್ದೆ.

ಈಗ ಗ್ಯಾರೇಜಿಗೆ ಹೋದರೆ ಮರ್ಯಾದೆಗೇನೂ ಕೊರತೆಯಿಲ್ಲ. ಮೊದಲು ಇಬ್ಬರೂ ಹಳೆಯ ಟೈರಿನ ಮೇಲೆ ಕೂತು ಒಂದೇ ಚಹಾವನ್ನು ಹಂಚಿಕೊಳ್ಳುತ್ತಿದ್ದೆವು. ಈಗ ನನಗೆ ಕುರ್ಚಿ ಬರುತ್ತದೆ. ಅದನ್ನು ಬಟ್ಟೆಯಿಂದ ಒರೆಸುತ್ತಾನೆ. ನನ್ನ ಚಹಾ ಬೇರೆ, ತುಂಬಿದ ಕಪ್. “ಹೆಂಗದರೀ ಗಾಡಿ?” ಎನ್ನುತ್ತಾನೆ. “ಸದ್ದಿಲ್ಲ” ಎನ್ನುತ್ತೇನೆ. “ಚೊಲೊ ಆತ್ರಿ” ಎನ್ನುತ್ತಾನೆ. ಆ ಕುರ್ಚಿಯಷ್ಟು ಚುಚ್ಚುವ ಆಸನದ ಮೇಲೆ ನಾನು ಈವರೆಗೆ ಕೂತಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಶಾಂತಾ, “ಮೊದಲು ಬೈತಾನ ಅಂತ ಚಿಂತಿ ಇತ್ತು. ಈಗ ಬೈಯಂಗಿಲ್ಲ ಅಂತ ಚಿಂತಿ” ಎಂದಳು. ಇದು ಮಾತ್ರ ಸರಿಯಾಗಿ ಕೇಳಿಸಿತು.

ಮೊನ್ನೆ ತಡೆಯಲಾರದೆ ಹೋಗಿ, ಕುರ್ಚಿಯಲ್ಲಿ ಕೂರದೆ ನಿಂತೇ, ದನಿ ತಗ್ಗಿಸಿ ಹೇಳಿದೆ: “ಖಾಜಾ, ಹಿಂದಿನಿಂದ ಏನೋ ಸದ್ದು ಬರಾಕತ್ತದ. ಟಕ್ ಟಕ್ ಅಂತದ.”

ಅವನು ಗಾಡಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ತುಟಿ ಒಂದು ಸಲ ಅಲುಗಿತು. ‘ಲೇ’ ಬಂತು, ಈಗ ಬಂತು ಎಂದು ಕಿವಿ ನಿಮಿರಿಸಿ ನಿಂತೆ.

“ನನಗೇನ್ ತಿಳಿತದರಿ ಸಾಹೇಬ್ರ. ಸುರಪುರದಾಗ ತೋರಸ್ರಿ” ಎಂದು ಸ್ಪ್ಯಾನರ್ ಎತ್ತಿಕೊಂಡು ಒಳಗೆ ಹೋದ.

ಗಾಡಿಯ ಹಿಂದಿನಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಆ ಟಕ್ ಟಕ್ ನಾನೇ ಹುಟ್ಟಿಸಿಕೊಂಡು ಒಯ್ದದ್ದು. ‘ನಿನ್ನ ತಲ್ಯಾಗ ಬರಾಕತ್ತದಲೇ’ ಎಂದು ಅವನೊಮ್ಮೆ ಬೈದಿದ್ದರೆ, ಈ ಸಲವಾದರೂ ಉಸ್ತಾದನ ಮಾತು ನೂರಕ್ಕೆ ನೂರು ನಿಜವಾಗುತ್ತಿತ್ತು.