ಬಚ್ಚಲಿಗೆ ಹೋದ ಪಾವು

ಅರವತ್ತು ದಾಟಿದ ಗಂಡಸರು ಒಂದೆಡೆ ಸೇರಿದರೆ ಬಿಪಿ, ಸಕ್ಕರೆ, ಮಂಡಿನೋವುಗಳನ್ನು ಮೊಮ್ಮಕ್ಕಳ ಅಂಕಗಳಂತೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ರಾತ್ರಿ ಎಷ್ಟು ಸಲ ಉಚ್ಚೆಗೆ ಏಳುತ್ತೇವೆ ಎಂಬುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನು ಬಿಡುತ್ತಿದ್ದೇನೆ: ನಾಲ್ಕು ಸಲ. ಮಜ್ಜಿಗೆ ಕುಡಿದ ದಿನ ಐದು. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. 'ಸಾರ್, ಒಂದಕ್ಕೆ' ಎಂದು ಬೆರಳೆತ್ತಿದ ಮಕ್ಕಳನ್ನೆಲ್ಲ ಬೆಲ್ ಹೊಡೆಯುವವರೆಗೆ ಕೂರಿಸಿದ್ದರ ಫಲ ಇದಿರಬಹುದೆಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಮರ್ಯಾದೆ ಹೋದದ್ದು ಕೋಡಿಹಳ್ಳಿಯಲ್ಲಿ, ಭಾಮೈದನ ಮಗಳ ನಿಶ್ಚಿತಾರ್ಥದಲ್ಲಿ. ರಾತ್ರಿ ನಿದ್ದೆಯಿಲ್ಲದ ನಾನು, ಲಗ್ನಪತ್ರಿಕೆ ಓದುವ ಹೊತ್ತಿಗೆ ಗಂಡಿನ ತಂದೆಯ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆದೆನಂತೆ. ಆತ ಅಲುಗಾಡದೆ ಕೂತಿದ್ದರಂತೆ. ಹೆಣ್ಣಿನ ಕಡೆಯವರಲ್ಲಿ ಇದೂ ಒಂದು ಶಾಸ್ತ್ರ ಎಂದುಕೊಂಡರೋ ಏನೋ. ಮಾರನೆಯ ದಿನವೇ ನನ್ನ ಹೆಂಡತಿ ಜಯಮ್ಮ ನನ್ನನ್ನು ರಾಮನಗರದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಡಾಕ್ಟರು ಮಗಳ ವಯಸ್ಸಿನವರು. ನಾನು ಸಂಕೋಚದಿಂದ, ನಿದ್ದೆಯ ತೊಂದರೆ ಎಂದೆ. ಜಯಮ್ಮ ಕುರ್ಚಿ ಮುಂದಕ್ಕೆಳೆದುಕೊಂಡು, "ರಾತ್ರಿಯೆಲ್ಲ ಬಚ್ಚಲಿಗೇ ಡ್ಯೂಟಿ ಕಣಮ್ಮ ಇವ್ರದು" ಎಂದು ಹೊರಗೆ ಕಾದಿದ್ದವರಿಗೂ ಕೇಳಿಸುವಂತೆ ಹೇಳಿದಳು. ಡಾಕ್ಟರು ನಗಲಿಲ್ಲ. ಮೂರು ದಿನ ಎಷ್ಟು ಸಲ, ಎಷ್ಟೆಷ್ಟು ಎಂದು ಅಳೆದು ಬರೆದು ತನ್ನಿ ಎಂದು ಗೆರೆ ಹಾಕಿದ ಹಾಳೆಯೊಂದನ್ನು ಕೊಟ್ಟರು.

ಅಳತೆ ಎಂದರೆ ನನಗೆ ಖುಷಿ. ಅಳೆಯುವುದಕ್ಕೆ ಮಾತ್ರ ಏನೂ ಸಿಗಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ಅಕ್ಕಿ ಅಳೆಯುವ ಹಿತ್ತಾಳೆಯ ಪಾವು ಕಂಡಿತು. ಬೆಳಗ್ಗೆ ಬೇಗ ಎದ್ದು ಹುಣಸೆಹಣ್ಣು ಹಾಕಿ ಉಜ್ಜಿಟ್ಟರಾಯಿತು ಎಂದುಕೊಂಡೆ. ನಾಲ್ಕು ಸಲ ಎದ್ದು ದಣಿದವನಿಗೆ ಬೆಳಗಾದದ್ದೇ ತಿಳಿಯಲಿಲ್ಲ.

"ಏನ್ರೀ, ನಮ್ಮವ್ವ ಕೊಟ್ಟ ಪಾವು ಬಚ್ಚಲಲ್ಲಿ ಯಾಕೈತೆ?"

ನಾನು ಹಾಳೆ ತೋರಿಸಿದೆ. 'ಹನ್ನೊಂದೂವರೆ, ಮುಕ್ಕಾಲು ಪಾವು' ಎಂದು ಮೊದಲ ಗೆರೆಯಲ್ಲಿ ದುಂಡಗೆ ಬರೆದಿತ್ತು. ಅಂದು ಮಧ್ಯಾಹ್ನ ಅನ್ನವಿಲ್ಲ, ಮುದ್ದೆ. ಸಂಜೆ ಜಯಮ್ಮ ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಬಹಳ ಹೊತ್ತು ಓದಿದಳು.

"ಇದ್ರಾಗೆ ನಂದೂ ಬರ್ಕಳಿ" ಎಂದಳು. "ನಿಮಗಿಂತ ಒಂದು ಜಾಸ್ತಿನೇ ಏಳ್ತೀನಿ. ವರ್ಸವಾಯ್ತು."

ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದೆ.

"ಲೈಟಾಕಿದ್ರೆ ನಿಮ್ಗೆ ಎಚ್ಚರಾಯ್ತದೆ. ಗೋಡೆ ಹಿಡ್ಕಂಡು ಹೋಗ್ಬತ್ತೀನಿ."

ನಾನಾದರೋ ಮೂರು ಲೈಟು ಹಾಕಿ, ಕೆಮ್ಮಿ, ಬಕೆಟ್ಟು ಎಡವಿ, ಬೀದಿಗೆಲ್ಲ ತಿಳಿಸಿ ಹೋಗಿಬರುವವನು. ಅವಳ ಲೆಕ್ಕವನ್ನು ನನ್ನದರ ಪಕ್ಕದಲ್ಲೇ ಬರೆದೆ. ಬರೆಯುವಾಗ ತಲೆ ಎತ್ತಲಾಗಲಿಲ್ಲ.

ಮೂರು ದಿನ ಕಳೆದು ಇಬ್ಬರೂ ಹಾಳೆ ಹಿಡಿದು ಹೋದಾಗ ಡಾಕ್ಟರು ನನ್ನ ಹಳೆಯ ಚೀಟಿ ನೋಡಿದರು. ಬೆಳಗ್ಗೆ ನುಂಗಬೇಕಾದ, ನೀರು ಹೊರಹಾಕಿಸುವ ಬಿಪಿ ಮಾತ್ರೆಯನ್ನು ನಾನು ಕನ್ನಡಕವಿಲ್ಲದೆ ಓದಿ ಎರಡು ವರ್ಷದಿಂದ ರಾತ್ರಿ ನುಂಗುತ್ತಿದ್ದೆ. ಜಯಮ್ಮನ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಹೆಚ್ಚಾಗಿತ್ತು. ಇವರನ್ನು ಯಾಕೆ ಇಷ್ಟು ದಿನ ಕರೆತರಲಿಲ್ಲ ಎಂದು ಡಾಕ್ಟರು ಕೇಳಿದಾಗ, ಹೋಮ್‌ವರ್ಕ್ ಮಾಡದ ಹುಡುಗನಂತೆ ನೆಲ ನೋಡಿದೆ.

ಈಗ ಅವಳು ಮಾತ್ರೆ ತೆಗೆದುಕೊಳ್ಳುತ್ತಾಳೆ, ಒಂದೆರಡು ಸಲ ಏಳುತ್ತಾಳೆ. ನಾನು ಒಂದೇ ಸಲ, ಅದೂ ಲೈಟು ಹಾಕದೆ, ಬೆಕ್ಕಿನಂತೆ. ಮೊನ್ನೆ ಹೀಗೆಯೇ ಹೋಗುತ್ತಿದ್ದಾಗ, ಕತ್ತಲಲ್ಲಿ ಎದುರು ಬರುತ್ತಿದ್ದ ಜಯಮ್ಮನಿಗೆ ಹಣೆ ಕೊಟ್ಟು ಗುದ್ದಿದೆ. ಇಬ್ಬರೂ ನೆಲದ ಮೇಲೆ ಕೂತೆವು.

"ಮೊದ್ಲಿನಂಗೇ ಕೆಮ್ಕಂಡು ಹೋಗಿ" ಎಂದಳು ಹಣೆ ಉಜ್ಜಿಕೊಳ್ಳುತ್ತಾ. "ನೀವು ಒಳ್ಳೇವ್ರಾದ್ರೆ ನನ್ ತಲೆ ಉಳಿಯಾಕಿಲ್ಲ."