ಇಲಿಗೆಂದು ಬೇಯಿಸಿದ ಅಣಬೆ

ಉಕ್ಕುತ್ತಿದ್ದ ಹಾಲಿಗೆ ಸೂರಿನಿಂದ ಒಂದು ಹನಿ ಬಿದ್ದು ಆ ಭಾನುವಾರ ಶುರುವಾಯಿತು. ಮಂಗಳಾ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. ಹನಿಯೂ ಪಕ್ಕಕ್ಕೆ ಸರಿಯಿತು.

"ಇವತ್ತು ಆ ಶೀಟು ಸರಿ ಮಾಡ್ದೆ ಇದ್ರೆ ಕೇಳು," ಎಂದ ಗಂಡ ಅಂಬರೀಶ. ಈ ಮಾತನ್ನು ಅವನು ಹೋದ ಮಳೆಗಾಲದಲ್ಲೂ ಹೇಳಿದ್ದ. ಆದರೆ ಈ ಸಲ ಹೊಸೂರಿನಿಂದ ತಾರಿನ ಪಟ್ಟಿ, ಮೊಳೆ, ಒಂದು ಡಬ್ಬ ಅಂಟು ತಂದಿಟ್ಟುಕೊಂಡಿದ್ದ. ಫ್ಯಾಕ್ಟರಿಯಲ್ಲಿ ಕೂದಲೆಳೆ ಅಳತೆಯ ಕೆಲಸ ಮಾಡುವವನು ಅವನು. ಮನೆಯಲ್ಲಿ ಸುತ್ತಿಗೆ ಹಿಡಿದರೆ ಮಾತ್ರ ಬೆಕ್ಕು ಕೂಡ ಹೊರಗೆ ಹೋಗುತ್ತಿತ್ತು.

ಅವನು ಏಣಿಗೆ ಕೈ ಹಾಕುವುದರೊಳಗೆ ಪಕ್ಕದ ಮನೆಯ ಮುತ್ತರಾಯಪ್ಪ ಛತ್ರಿ ಹಿಡಿದು, ಪ್ಲಾಸ್ಟಿಕ್ ಕುರ್ಚಿ ಹೊತ್ತು ಬಂದರು. ಊರಿನಲ್ಲಿ ಯಾರೇ ಗುಂಡಿ ತೋಡಲಿ, ಗೋಡೆ ಕಟ್ಟಲಿ, ಮುತ್ತರಾಯಪ್ಪನವರ ಕುರ್ಚಿ ಅಲ್ಲಿರಬೇಕು.

"ಹತ್ತಲಾ, ನಾನು ಕೆಳಗಿದೀನಿ," ಎಂದರು. ಅದರಿಂದ ಆಗುವ ಲಾಭವೇನೆಂದು ಯಾರೂ ಕೇಳಲಿಲ್ಲ.

ಅಡುಗೆಮನೆಯ ಸಾಮಾನೆಲ್ಲ ನಡುಮನೆಗೆ ಬಂತು. ಅತ್ತೆ ರಾಮಲಕ್ಷ್ಮಮ್ಮ ಡಬ್ಬಿಗಳ ನಡುವೆ ಮಂಚದ ಮೇಲೆ ದಿನಸಿ ಅಂಗಡಿಯ ಯಜಮಾನಿಯ ಹಾಗೆ ಕೂತರು. ಗ್ಯಾಸ್ ಒಲೆಯನ್ನು ಅಲ್ಲೇ ಹಚ್ಚುತ್ತೇನೆಂದಾಗ ಮಾತ್ರ ಅವರು ಒಪ್ಪಲಿಲ್ಲ. "ನಾನು ಮಲಗೋ ಜಾಗದಾಗೆ ಗ್ಯಾಸ್ ಹಚ್ತೀಯಾ? ಮೊನ್ನೆ ಫೋನಾಗೆ ತೋರ್ಸುದ್ರು, ಮನೆ ಮನೇನೇ ಎದ್ದೋಯ್ತು. ಹಿತ್ಲಾಗೆ ಒಲೆ ಹೂಡು."

ಮಂಗಳಾ ಹಿತ್ತಿಲ ಸೀಬೆಮರಕ್ಕೆ ಟಾರ್ಪಾಲು ಕಟ್ಟಿ, ಇಟ್ಟಿಗೆ ಹುಡುಕಿಕೊಂಡು ಬಚ್ಚಲುಮನೆಯ ಹಿಂದೆ ಹೋದಳು. ಅಲ್ಲಿ, ಗೋಡೆಗೆ ಒತ್ತಿಕೊಂಡಿದ್ದ ಹಳೆಯ ಹುತ್ತದ ಪಕ್ಕದಲ್ಲಿ ಅಣಬೆ ಎದ್ದಿತ್ತು. ರಾತ್ರಿಯ ಗುಡುಗಿಗೆ ಎದ್ದ ಹುತ್ತದ ಅಣಬೆ, ಮೊಗ್ಗು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಹೆಚ್ಚೇನಿಲ್ಲ, ಒಬ್ಬರ ತಟ್ಟೆ ತುಂಬುವಷ್ಟು.

ಅಣಬೆ ಕಂಡರೆ ಬೆರಳು ತೋರಿಸಬಾರದು, ಕೂಗಬಾರದು, ಕೂಗಿದರೆ ಅದು ಮತ್ತೆ ಆ ಜಾಗದಲ್ಲಿ ಏಳುವುದಿಲ್ಲ ಎಂದು ತಳಿ ಎಂಬ ಊರಿನ ಕಡೆಯ ಅವಳ ತವರಿನಲ್ಲಿ ಹೇಳುತ್ತಿದ್ದರು. ಮಂಗಳಾ ಕೂಗಲಿಲ್ಲ. ಕೂಗದಿರಲು ಅವಳಿಗೆ ಬೇರೆ ಕಾರಣವಿತ್ತು.

ತವರಿನಲ್ಲಿ ಅಣಬೆ ಸಾರು ಆದ ದಿನ ಮೊದಲು ಅಪ್ಪನಿಗೆ, ಆಮೇಲೆ ಅಣ್ಣಂದಿರಿಗೆ, ಆಮೇಲೆ ವಾಸನೆ ಹಿಡಿದು ಬಂದವರಿಗೆ ಬಡಿಸುತ್ತಿದ್ದರು. ಮಂಗಳಾಗೆ ಬರುತ್ತಿದ್ದುದು ಬರೀ ಸಾರು. ಅಣಬೆ ಈ ದಾರಿಯಲ್ಲಿ ಹೋಗಿತ್ತು ಎಂಬುದಕ್ಕೆ ಸಾಕ್ಷಿ ಹೇಳುವಂಥ ಸಾರು. ಮದುವೆಯಾದ ಮೇಲೆ ಸಾಲಿನಲ್ಲಿ ಕೂತವರ ಹೆಸರು ಬದಲಾಯಿತು, ಅವಳ ಜಾಗ ಬದಲಾಗಲಿಲ್ಲ. ಅದನ್ನು ಅವಳು ಅನ್ಯಾಯವೆಂದು ಯಾರಿಗೂ ಹೇಳಿದವಳಲ್ಲ. ತಳ ಕೆರೆದು ಉಣ್ಣುವುದೇ ತನಗಿಷ್ಟವೆಂದು ಎಷ್ಟೋ ವರ್ಷ ಅವಳೇ ನಂಬಿದ್ದಳು. ವಾರವೆಲ್ಲ ಬಾಗಲೂರಿನ ಹತ್ತಿರದ ಗುಲಾಬಿ ಶೆಡ್ಡಿನಲ್ಲಿ ನಿಂತು, ಯಾರದೋ ಮದುವೆಗೆ ಹೋಗುವ ಹೂವನ್ನು ಕಟ್ಟು ಕಟ್ಟಿ ಕಳಿಸುತ್ತಿದ್ದವಳಿಗೆ, ಅವತ್ತು ಆ ಬಿಳಿ ಮೊಗ್ಗುಗಳನ್ನು ನೋಡಿದಾಗ ಒಂದು ಆಸೆ ಹುಟ್ಟಿತು. ಇದಿಷ್ಟನ್ನೂ ತಾನೊಬ್ಬಳೇ ತಿನ್ನಬೇಕು. ಅದೂ ಕೂತು.

ಸೆರಗಿನಲ್ಲಿ ಅಣಬೆ, ಅದರ ಮೇಲೆ ಇಟ್ಟಿಗೆ ಅಪ್ಪಿಕೊಂಡು ಕಳ್ಳಿಯ ಹಾಗೆ ಬಂದಳು.

ದೊಡ್ಡ ಒಲೆಯ ಮೇಲೆ ಮನೆಮಂದಿಗೆಲ್ಲ ಅವರೆಕಾಳಿನ ಸಾರು, ಮುದ್ದೆ. ಹಿಂದೆ ಎರಡು ಇಟ್ಟಿಗೆಯ ನಡುವೆ ಪುಟ್ಟ ಪಾತ್ರೆಯಲ್ಲಿ ಅಣಬೆ. ಸೌದೆ ಒದ್ದೆಯಾಗಿತ್ತು, ಒಲೆ ಊದಿ ಊದಿ ಅವಳ ಕಣ್ಣು ಮೆಣಸಿನಕಾಯಿಯಾದವು. ಹೊಗೆ ಟಾರ್ಪಾಲಿನಿಂದ ನುಸುಳಿ ನೆಟ್ಟಗೆ ಹಿಂದಿನ ಮನೆಯ ಗಂಗಾದೇವಿಯ ಕಿಟಕಿಗೆ ಹೋಯಿತು. ಹಿಂದೆಯೇ ಗಂಗಾದೇವಿ ಒಂದು ಕೊಡ ನೀರಿನ ಜೊತೆ ಬಂದಳು.

"ಒಲೆ ಹಚ್ಚಿದೀಯ ಅಂತ ಗೊತ್ತಾಯ್ತು ಮಂಗಳಾ. ನಮ್ಮನೇಲಿ ಕರೆಂಟಿಲ್ಲ, ಸ್ನಾನಕ್ಕೆ ಇದೊಂದು ಕೊಡ ಕಾಯಿಸ್ಕತೀನಿ. ಉರಿ ಹೆಂಗೂ ವೇಸ್ಟಾಗ್ತೈತೆ." ಕೊಡ ಇಡುತ್ತಾ ಅವಳ ಮೂಗು ಎರಡು ಸಲ ಅರಳಿತು. "ಏನೋ ಘಮ್ ಅಂತೈತಲ್ಲಮ್ಮಿ?"

"ಮಸಾಲೆ ಹುರಿದೆ ಗಂಗಕ್ಕ. ಅದ್ರುದ್ದು."

"ಅವರೆಕಾಳಿಗೆ ಈ ಘಮ ಬರಾಕಿಲ್ಲ," ಎಂದು ಗಂಗಾದೇವಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು.

ಅಷ್ಟರಲ್ಲಿ ಮಾಡಿನ ಮೇಲಿಂದ ದೊಡ್ಡದೊಂದು ಶಬ್ದ ಬಂತು. "ಎಡಕ್ಕೆ ಕಾಲಿಡು, ಅಲ್ಲಿ ಗಟ್ಟಿ ಐತೆ," ಎಂದು ಮುತ್ತರಾಯಪ್ಪ ಹೇಳಿದ್ದರು, ಅಂಬರೀಶ ಇಟ್ಟಿದ್ದ. ಹಳೆಯ ಶೀಟು ಹಪ್ಪಳದ ಹಾಗೆ ಮುರಿದು ಒಂದು ಕಾಲು ತೊಡೆಯವರೆಗೆ ಒಳಗಿಳಿದಿತ್ತು. ಇನ್ನೊಂದು ಹೊರಗಿತ್ತು. ರಾಮಲಕ್ಷ್ಮಮ್ಮ ಓಡಿಬಂದು ಅಡುಗೆಮನೆಯಲ್ಲಿ ನೇತಾಡುತ್ತಿದ್ದ ಕಾಲನ್ನು ನೋಡಿ, "ಮಗಾ, ಪೆಟ್ಟಾಯ್ತಾ?" ಎಂದು ಆ ಕಾಲನ್ನೇ ಕೇಳಿದರು. ಕಾಲು ಏನೂ ಹೇಳಲಿಲ್ಲ.

"ಅಲ್ಲಾಡಬ್ಯಾಡ ಕಣ್ಲಾ, ಮಿಕ್ಕಿದ್ದೂ ಒಡೆದೋಗ್ತದೆ! ಇನ್ನೊಂದು ಏಣಿ ತತ್ತೀನಿ," ಎಂದು ಮುತ್ತರಾಯಪ್ಪ ಹಿತ್ತಿಲಿಗೆ ಬಂದರು. ಅತ್ತೆಯೂ ಹಿಂದೆ ಬಂದರು. ಟಾರ್ಪಾಲಿನ ನಡುವೆ ಮಳೆನೀರು ಎಮ್ಮೆಯ ಹೊಟ್ಟೆಯ ಹಾಗೆ ಇಳಿಬಿದ್ದಿತ್ತು. ಕಂಡದ್ದನ್ನೆಲ್ಲ ಸರಿಮಾಡುವ ಮುತ್ತರಾಯಪ್ಪ ಅದನ್ನು ಛತ್ರಿಯ ತುದಿಯಿಂದ ತಿವಿದರು. ನೀರೆಲ್ಲ ಒಲೆಯ ಕಡೆಗೇ ಸುರಿಯಿತು. "ಅಯ್ಯೋ, ಅಡಿಗೆ!" ಎಂದು ಗಂಗಾದೇವಿ ಒಳ್ಳೆಯ ಮನಸ್ಸಿನಿಂದಲೇ ಪುಟ್ಟ ಪಾತ್ರೆಯನ್ನು ಎತ್ತಿಕೊಂಡಳು. ಮುಚ್ಚಳ ಜಾರಿತು.

"ಅಣಬೆ!" ಎಂದರು ಮೂವರೂ.

"ನಂಗೆ ಹಲ್ಲಿಲ್ಲ, ಅಣಬೆ ಆದ್ರೆ ಮೆತ್ತಗಿರ್ತದೆ," ಎಂದರು ಅತ್ತೆ.

"ನಂಗೆ ಒಂದು ಬಟ್ಲು ಸಾಕವ್ವ, ಮುದ್ದೆ ನಮ್ಮನೇಲೇ ಐತೆ," ಎಂದರು ಮುತ್ತರಾಯಪ್ಪ.

ಗಂಗಾದೇವಿ ಪಾತ್ರೆಯನ್ನು ಕೆಳಗಿಡಲೇ ಇಲ್ಲ.

ಮಂಗಳಾಗೆ ತನ್ನ ಪಾಲು ಕಣ್ಣೆದುರೇ ಮತ್ತೆ ಬರೀ ಸಾರಾಗುವುದು ಕಾಣಿಸಿತು. ಬಾಯಿ ತಾನಾಗಿ ಮಾತಾಡಿತು. "ಮುಟ್ಟಬ್ಯಾಡ್ರಿ! ಅದು ವಿಷದ ಅಣಬೆ. ಇಲಿಗೆ ಇಡಾಕೆ ಬೇಯಿಸ್ತಿದೀನಿ."

ಮೂವರೂ ಬಗ್ಗಿ ಪಾತ್ರೆಯೊಳಗೆ ಇಣುಕಿದರು.

"ಇಲಿಗೆ ಕೊತ್ತಂಬರಿ ಹಾಕ್ತಾರಾ?" ಎಂದರು ಮುತ್ತರಾಯಪ್ಪ.

"ಹಾಕ್ದೆ ಇದ್ರೆ ಈಗಿನ ಇಲಿಗಳು ಮೂಸೋದಿಲ್ಲ ಮಾವ."

"ಅದು ನಿಜ," ಎಂದಳು ಗಂಗಾದೇವಿ ಪಾತ್ರೆಯನ್ನು ದೂರಕ್ಕೆ ಹಿಡಿದು. "ನಮ್ಮನೆ ಇಲಿ ಬರೀ ತೆಂಗಿನಕಾಯಿ ಇಟ್ರೆ ತಿರುಗೂ ನೋಡಾಕಿಲ್ಲ. ಬಾಳ ರುಚಿ ಕಂಡವೆ."

ಮಂಗಳಾ ಉಸಿರು ಬಿಟ್ಟಳು. ಅದು ಪೂರ್ತಿ ಹೊರಗೆ ಬರುವ ಮೊದಲೇ ಗಂಗಾದೇವಿ ಒಲೆಯ ಪಕ್ಕ ಬಿದ್ದಿದ್ದ ತೆಂಗಿನ ಚಿಪ್ಪೊಂದನ್ನು ಮುಂದೆ ಚಾಚಿದ್ದಳು. "ನಮ್ಮನೆ ಇಲಿಗೂ ಒಂದೀಟು ಹಾಕಮ್ಮಿ."

ಕೊಡುವುದಿಲ್ಲವೆನ್ನಲು ಕಾರಣ ಬೇಕು. ಇಲಿಪಾಷಾಣಕ್ಕೆ ಜಿಪುಣತನ ಮಾಡುವ ಹೆಂಗಸನ್ನು ಯಾರೂ ನಂಬುವುದಿಲ್ಲ. ಮಂಗಳಾ ಒಂದು ಸೌಟು ಹಾಕಿದಳು. ಮುತ್ತರಾಯಪ್ಪನವರಿಗೂ ರಾಗಿಮೂಟೆ ಇಟ್ಟ ಕೋಣೆ ನೆನಪಾಯಿತು. "ಎರಡು ಕಡೆ ಇಡಬೇಕವ್ವ, ನಮ್ಮವು ಜೋಡಿ ಅವೆ." ಎರಡು ಸೌಟು. ಹೀಗೆ ಅವಳ ಅರ್ಧ ಆಸೆ ಊರಿನ ಇಲಿಗಳಿಗೆ ಹೋಯಿತು. ಮಾಡಿನ ಮೇಲೆ ಮಳೆ ತಮಟೆ ಬಾರಿಸುತ್ತಿದ್ದುದರಿಂದ ಅಂಬರೀಶನಿಗೆ ಇದೊಂದೂ ಕೇಳಿಸಲಿಲ್ಲ. ಅವನು ಕೂಗುತ್ತಿದ್ದುದು ಕೆಳಗಿನವರಿಗೂ ಕೇಳಿಸಲಿಲ್ಲ. ಚಿಪ್ಪುಗಳನ್ನು ಮನೆಗೆ ಮುಟ್ಟಿಸಿ ಬಂದ ಮೇಲೆಯೇ ಮುತ್ತರಾಯಪ್ಪ ಅವನ ಕಾಲನ್ನು ಬಿಡಿಸಿದ್ದು.

ಮಿಕ್ಕದ್ದನ್ನು ಮಂಗಳಾ ಕೆಂಡದ ಮೇಲೆ ಮುಚ್ಚಿಟ್ಟಳು. ಅವರೆಕಾಳಿನ ಸಾರನ್ನು ಒಳಗೆ ಒಯ್ದು ಅತ್ತೆಗೆ ಬಡಿಸಿದಳು. ಅವರು ಮಲಗಲಿ ಎಂದು ಕಾದಳು. ಅವರು ಮಲಗಿದರು, ಆದರೆ, "ಥಂಡಿಗೆ ಮಂಡಿ ಹಿಡ್ಕಂಡದೆ, ಒಂದೀಟು ಎಣ್ಣೆ ತಿಕ್ಕು," ಎಂದರು. ತಿಕ್ಕುತ್ತಾ ಮಂಗಳಾ ಮನಸ್ಸಿನಲ್ಲೇ ಮುದ್ದೆ ಮುರಿದಳು, ಅಣಬೆಯೊಂದನ್ನು ಆರಿಸಿ ಮೇಲಿಟ್ಟಳು, ಆಮೇಲೆ ಅದಕ್ಕಿಂತ ದೊಡ್ಡದನ್ನು ಆರಿಸಿದಳು. ಅತ್ತೆಯ ಗೊರಕೆ ಕೇಳಿದ ಕೂಡಲೇ ಎದ್ದು, ಕೈ ತೊಳೆದು, ಒಳ್ಳೆಯ ತಟ್ಟೆಯನ್ನೇ ತೆಗೆದುಕೊಂಡು ಹಿತ್ತಿಲಿಗೆ ಬಂದಳು.

ಸೀಬೆಮರದ ಕೆಳಗೆ ಅಂಬರೀಶ ಕೂತಿದ್ದ. ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಮುದ್ದೆಯ ಕೊನೆಯ ತುತ್ತು. ಪುಟ್ಟ ಪಾತ್ರೆ ಅವನ ಪಕ್ಕದಲ್ಲಿ ಓರೆಯಾಗಿ ಬಿದ್ದಿತ್ತು.

"ನೀನು ಅಮ್ಮನ ಕಾಲು ತಿಕ್ತಿದ್ದೆ, ನಿಂಗ್ಯಾಕೆ ತೊಂದ್ರೆ ಅಂತ ನಾನೇ ಹಾಕ್ಕಂಡೆ," ಎಂದ.

ಮಂಗಳಾ ಬಾಯಿ ತೆರೆದಳು. ಚೀರಿದ್ದು ಮಾತ್ರ ಹಿಂದಿನಿಂದ. ಕಾಲು ತಿಕ್ಕುವುದು ನಿಂತ ಕೂಡಲೇ ಎಚ್ಚರವಾಗಿ, ಸೊಸೆಯ ಹಿಂದೆಯೇ ಬಂದಿದ್ದ ರಾಮಲಕ್ಷ್ಮಮ್ಮ ಎದೆ ಬಡಿದುಕೊಂಡರು. "ಅಯ್ಯಯ್ಯೋ, ನನ್ಮಗ ಇಲಿಗಿಟ್ಟ ಅಣಬೆ ತಿಂದ್ಬುಟ್ನಲ್ಲಪ್ಪೋ!"

ಕ್ಷಣದಲ್ಲಿ ಗಂಗಾದೇವಿ ಬಂದಳು, ಮುತ್ತರಾಯಪ್ಪ ಬಂದರು, ಕುರ್ಚಿಯೂ ಬಂತು. ಕುರ್ಚಿಯ ಮೇಲೆ ಅಂಬರೀಶನನ್ನು ಕೂರಿಸಿ, ಚೊಂಬಿನ ತುಂಬ ಹುಣಸೆಹುಳಿ ಕದಡಿ ಕುಡಿಸಲು ಹಿಡಿದರು.

"ಏನೂ ಆಗಾಕಿಲ್ಲ, ಬಿಡ್ರಿ!" ಎಂದಳು ಮಂಗಳಾ. "ಅದು ಒಳ್ಳೆ ಅಣಬೆ. ನಾನು ಸುಳ್ಳು ಹೇಳ್ದೆ. ನಾನೊಬ್ಬಳೇ ತಿನ್ಬೇಕು ಅಂತ ಹೇಳ್ದೆ."

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು, ಹಿಂದೆಯೇ ಒಂದು ಥರ ಹಗುರವೂ ಆಯಿತು. ಇನ್ನು ಬೈಯಲಿ, ಆಡಿಕೊಳ್ಳಲಿ ಎಂದು ಕಾದಳು.

"ಪಾಪ, ಗಾಬರಿಗೆ ತಲೆ ಓಡ್ತಿಲ್ಲ," ಎಂದರು ಮುತ್ತರಾಯಪ್ಪ. "ನೀನು ಒಬ್ಬಳೇ ತಿನ್ನೋಳಾ? ಯಾರು ನಂಬ್ತಾರವ್ವ?"

"ನಮ್ಮನೆ ಚಿಪ್ಪು ಖಾಲಿ ಆಗೈತೆ, ಇಲಿ ಎಲ್ಲೂ ಕಾಣ್ತಿಲ್ಲ," ಎಂದಳು ಗಂಗಾದೇವಿ. "ಕಾಣ್ತಿಲ್ಲ ಅಂದ್ರೆ ಸತ್ತೇ ಹೋಗೈತೆ."

"ನಮ್ಮವೂ ಕಾಣ್ತಿಲ್ಲ," ಎಂದರು ಮುತ್ತರಾಯಪ್ಪ. "ಎರಡೂ."

ಮಂಗಳಾ ಪಾತ್ರೆಗೆ ಕೈ ಹಾಕಿದಳು. ಅಂಚಿಗೆ ಅಂಟಿಕೊಂಡು ಒಂದೇ ಒಂದು ಅಣಬೆ ಉಳಿದಿತ್ತು. "ನೋಡ್ರಿ ಮತ್ತೆ, ನಾನೂ ತಿಂತೀನಿ," ಎಂದು ಬಾಯಿಗೆ ಹಾಕಿಕೊಂಡಳು. ಎಲ್ಲರ ಕಣ್ಣೂ ಅವಳ ದವಡೆಯ ಮೇಲಿತ್ತು. ಅವಸರದಲ್ಲಿ ಎರಡು ಸಲ ಅಗಿದು ನುಂಗಿದಳು. ರುಚಿ ನಾಲಿಗೆಗೆ ಬಂತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಗಂಗಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಮಲಕ್ಷ್ಮಮ್ಮ ಮಗನನ್ನು ಬಿಟ್ಟು ಸೊಸೆಯನ್ನು ತಬ್ಬಿಕೊಂಡರು. "ಗಂಡ ತಿಂದ ವಿಷಾನೇ ತಾನೂ ತಿಂದ್ಲಲ್ಲೋ! ಇಂಥ ಸೊಸೇನ ನಾನು ಇಷ್ಟು ವರ್ಷ ಬೈಕಂಡು ಬಂದೆನಲ್ಲೋ!"

"ಅಲ್ಲ ಅತ್ತೆ, ನಾನು…"

"ಮಾತಾಡಿಸಬ್ಯಾಡ್ರಿ, ವಿಷ ತಲೆಗೇರ್ತದೆ. ಕುಡಿಸ್ರಿ!" ಎಂದರು ಮುತ್ತರಾಯಪ್ಪ.

ಒಬ್ಬರು ತಲೆ ಹಿಡಿದರು, ಒಬ್ಬರು ಮೂಗು ಹಿಡಿದರು, ಒಂದು ಚೊಂಬು ಹುಣಸೆನೀರು ಅವಳೊಳಗೆ ಹೋಯಿತು. ಆಮೇಲೆ ಅದು ಹೊರಗೆ ಬಂತು. ಅದರ ಜೊತೆಗೆ ಆ ಒಂದು ಅಣಬೆಯೂ ಬಂತು.

ಸಂಜೆ ಹೊಸೂರಿನ ಆಸ್ಪತ್ರೆಯಲ್ಲಿ ಗಂಡಹೆಂಡಿರಿಗೆ ಅಕ್ಕಪಕ್ಕದ ಮಂಚ ಸಿಕ್ಕಿತು. ಇಬ್ಬರಿಗೂ ವಾಂತಿಯಾಗಿರುವುದರಿಂದ ಹೆದರಿಕೆ ಇಲ್ಲ, ಆದರೂ ಬೆಳಗಿನವರೆಗೆ ಇರಲಿ ಎಂದರು ಡಾಕ್ಟರು. ನಾಳೆಯವರೆಗೆ ಗಂಜಿ ಮಾತ್ರ ಎಂದಳು ನರ್ಸು. ಮುತ್ತರಾಯಪ್ಪ ವರಾಂಡದಲ್ಲಿ ನಿಂತು ಕನ್ನಡದಲ್ಲೂ ತಮಿಳಿನಲ್ಲೂ ತೆಲುಗಿನಲ್ಲೂ ಕತೆ ಹೇಳಿದರು. ಯಾರದೋ ಹೆರಿಗೆಗೆಂದು ಬಂದಿದ್ದ ಮುದುಕಿಯೊಬ್ಬಳು ಒಳಗೆ ಬಂದು, "ನೀ ನಲ್ಲಾ ಇರುಕ್ಕಣುಂ ತಾಯೇ," ನೀನು ಚೆನ್ನಾಗಿರಬೇಕು ತಾಯಿ ಎಂದು ಹರಸಿ, ಮಂಗಳಾಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು.

ಎಲ್ಲರೂ ಹೋದ ಮೇಲೆ ಮಂಗಳಾ ಪಕ್ಕಕ್ಕೆ ಹೊರಳಿದಳು. ಕೇಳಬಾರದೆಂದುಕೊಂಡಿದ್ದಳು, ಆದರೂ ಕೇಳಿದಳು. ತಿಂದವನ ಬಾಯಿಂದ ಕೇಳಿಯಾದರೂ ತಿಳಿದುಕೊಳ್ಳಬೇಕು.

"ಹೆಂಗಿತ್ತು ರೀ?"

"ಯಾವುದು?"

"ಅಣಬೆ."

ಅಂಬರೀಶ ಶೀಟಿಗೆ ತರಚಿ ಪಟ್ಟಿ ಹಾಕಿಸಿಕೊಂಡಿದ್ದ ತೊಡೆಯನ್ನು ಸವರಿಕೊಳ್ಳುತ್ತಾ ಯೋಚಿಸಿದ. "ಅಣಬೆ ಅಂತ ನಂಗೇನು ಗೊತ್ತು? ಆ ಹೊಗೇಲಿ ಬದನೆಕಾಯಿ ಅಂದ್ಕಂಡೆ. ಬದನೆಕಾಯಿ ನಂಗೆ ಸೇರಾಕಿಲ್ಲ ಅನ್ನೋದು ಗೊತ್ತಲ್ಲ ನಿಂಗೆ?"

"ಮತ್ಯಾಕೆ ತಿಂದ್ರಿ?"

"ಮಳೇಲಿ ಕಷ್ಟಪಟ್ಟು ಮಾಡಿದೀಯ, ಬಿಟ್ರೆ ಬೇಜಾರು ಮಾಡ್ಕಂತೀಯ ಅಂತ," ಎಂದ ಅವನು ಕಣ್ಣು ಮುಚ್ಚುತ್ತಾ. "ಮುದ್ದೆ ಜೊತೆ ಅಗೀದೇನೇ ನುಂಗ್ಬುಟ್ಟೆ."